ಲಯೊನೆಲ್‌ನ ಡಬ್ಬಿಯ ನಾಲ್ಕು ಟ್ರಾನ್ಸಿಸ್ಟರು

ಲಯೊನೆಲ್ ಟ್ರೆಗೆಂಜಾ ಜಿಪುಣನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವನನ್ನು ಹಾಗೇ ಅಂದುಕೊಳ್ಳುತ್ತಾರೆ. ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತನಾದವನು. ಪೋರ್ಟ್ ಅಡಿಲೇಡ್‌ನ ನಮ್ಮ ಬೀದಿಯಲ್ಲಿ ಯಾರ ಮನೆಯ ಫ್ಯೂಸು ಹೋದರೂ, ಯಾರ ಟೋಸ್ಟರ್ ಕೈಕೊಟ್ಟರೂ ಅವನೇ ಓಡಿ ಬರುತ್ತಿದ್ದ. ಕ್ಲಬ್ಬಿನ ಊಟದಲ್ಲಿ ಕೊನೆಯ ಸಾಸೇಜನ್ನು ನಿಮ್ಮ ತಟ್ಟೆಗೆ ಹಾಕಿ ತಾನು ಬರೀ ಬ್ರೆಡ್ಡು ತಿನ್ನುವ ಪೈಕಿ. ಆದರೆ ಟ್ರಾನ್ಸಿಸ್ಟರಿನ, ರೇಡಿಯೋ ಅಲ್ಲ, ಆಂಪ್ಲಿಫೈಯರಿನೊಳಗೆ ದನಿ ಹಿಗ್ಗಿಸುವ ಪುಟ್ಟ ಬಿಡಿಭಾಗದ ವಿಷಯ ಬಂದರೆ ಅವನ ಮುಷ್ಟಿ ಬಿಗಿಯಾಗುತ್ತಿತ್ತು. ನಮ್ಮೆಲ್ಲರದೂ ಅಷ್ಟೇ.

ನಾವು ಎಂದರೆ, ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯಲ್ಲಿ ಹಾಡು ಕೇಳಿ ತೃಪ್ತಿಯಾಗದೆ ಆಂಪ್ಲಿಫೈಯರನ್ನು ಕೈಯಾರೆ ಕಟ್ಟಿಕೊಳ್ಳುವ ಹುಚ್ಚರು. ನಾನು ವಿಲ್ಮಾ, ಈ ಹುಚ್ಚರಲ್ಲಿ ಒಬ್ಬಳೇ ಹೆಂಗಸು. ಒಂದು ಕಾಲಕ್ಕೆ ನಮ್ಮ ಸಭೆಗೆ ಚರ್ಚಿನ ಸಭಾಂಗಣ ಸಾಲುತ್ತಿರಲಿಲ್ಲ. ಈಗ ನನ್ನ ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಹಿಡಿಸುತ್ತಾರೆ, ಬೆಕ್ಕಿಗೂ ಒಂದು ಕುರ್ಚಿ ಉಳಿಯುತ್ತದೆ. ಬಿಡಿಭಾಗ ಮಾರುತ್ತಿದ್ದ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲೀಗ ಫೋನಿನ ಕವರು ಮಾರುತ್ತಾರೆ, ಉಗುರಿಗೆ ಬಣ್ಣ ಹಚ್ಚುತ್ತಾರೆ. ನಮಗೆ ಬೇಕಾದಂಥ ಟ್ರಾನ್ಸಿಸ್ಟರುಗಳನ್ನು ತಯಾರಿಸುವುದನ್ನೇ ಕಾರ್ಖಾನೆಗಳು ಬಿಟ್ಟಿವೆ. ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಮೇಲೆ ಅಚ್ಚಾಗಿರುವ ಅಕ್ಷರ ಅದೇ, ಒಳಗಿರುವುದು ಕಸ. ಹಾಗಾಗಿ ಈಗ ನಮಗೆ ಅಂಗಡಿ ಎಂದರೆ ಸತ್ತವರ ಮನೆ. ಸದಸ್ಯ ತೀರಿಕೊಂಡರೆ ಮಣ್ಣಾದ ಮೇಲೆ ಒಂದು ದಿನ ಎಲ್ಲರೂ ಅವನ ಶೆಡ್ಡಿಗೆ ಹೋಗುತ್ತೇವೆ. ಸಾಮಾನು ಹರಡಿಕೊಂಡು ಸುತ್ತ ಕೂತು ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳುತ್ತೇವೆ. ನನ್ನ ಮಗಳು ನಮ್ಮನ್ನು ಹದ್ದುಗಳು ಅನ್ನುತ್ತಾಳೆ.

ಹೀಗೆ ತಂದದ್ದರಲ್ಲಿ ಒಳ್ಳೆಯದನ್ನು ಯಾರೂ ಬಳಸುವುದಿಲ್ಲ. ಅದನ್ನು 'ಕೊನೆಯ ಆಂಪ್‌'ಗೆ ಎಂದು ಎತ್ತಿಡುತ್ತೇವೆ. ಕಲಿತದ್ದೆಲ್ಲ ಸುರಿದು, ಯಾವುದರಲ್ಲೂ ರಾಜಿಯಾಗದೆ ಬದುಕಿನಲ್ಲಿ ಒಂದೇ ಸಲ ಕಟ್ಟುವ ಆಂಪ್ಲಿಫೈಯರು ಅದು. ಪ್ರತಿಯೊಬ್ಬರ ತಲೆಯಲ್ಲೂ ಅದರ ನಕ್ಷೆ ಇದೆ. ಕಟ್ಟಿ ಮುಗಿಸಿದವರನ್ನು ಮಾತ್ರ ನಾನಿನ್ನೂ ನೋಡಿಲ್ಲ. ಲಯೊನೆಲ್ ತನ್ನ ಕೊನೆಯ ಆಂಪ್‌ಗೆ ನಾಲ್ಕು ಟ್ರಾನ್ಸಿಸ್ಟರುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ಇಟ್ಟಿದ್ದ. ದಪ್ಪ ಲೋಹದ ಟೋಪಿಯವು, ನಾಲ್ಕೂ ಒಂದೇ ನಮೂನೆ. ನಮ್ಮ ಕ್ಲಬ್ಬಿನಲ್ಲಿ ಅಂಥವು ಬೇರೆ ಯಾರ ಹತ್ತಿರವೂ ಇರಲಿಲ್ಲ.

ನೆವಿಲ್ ಸ್ಕಿನ್ನರ್ ಅವನ ಜೀವದ ಗೆಳೆಯ. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಅಲ್ಲಿನ ಧೂಳು ಶ್ವಾಸಕೋಶಕ್ಕೆ ಹಿಡಿದಿತ್ತು. ಕೊನೆಯ ಚಳಿಗಾಲದಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಮುಂದಿನ ಕೋಣೆಯ ಕುರ್ಚಿಗೇ ಅಂಟಿಹೋಗಿದ್ದ. ಅವನಿಗೆ ಉಳಿದಿದ್ದ ಸುಖ ಒಂದೇ, ತಾನೇ ಕಟ್ಟಿದ ಆಂಪು, ತಾನೇ ಮಾಡಿದ ಸ್ಪೀಕರು, ಬ್ರಾಸ್ ಬ್ಯಾಂಡಿನ ರೆಕಾರ್ಡುಗಳು. ಆ ಆಂಪ್‌ನ ಎಡಭಾಗ ಒಂದು ದಿನ ಸತ್ತಿತು. ಅದಕ್ಕೆ ಬೇಕಾದದ್ದು ಲಯೊನೆಲ್‌ನ ಡಬ್ಬಿಯಲ್ಲಿದ್ದ ಜಾತಿಯವೇ ಎರಡು.

ನೆವಿಲ್ ಅವನ್ನು ಕೇಳಿದ ದಿನ ನಾನೂ ಅವನ ಮನೆಯಲ್ಲಿದ್ದೆ. ನೆವಿಲ್‌ನ ಹೆಂಡತಿ ಬೆರಿಲ್ ಒಲೆಯಿಂದ ಆಗತಾನೇ ತೆಗೆದ, ಮಾಂಸ ತುಂಬಿದ ಪೇಸ್ಟಿಗಳನ್ನು ತಂದಿಟ್ಟಿದ್ದಳು.

"ಏನಯ್ಯಾ ಲಯೊನೆಲ್, ನಿನ್ನ ಡಬ್ಬೀಲಿ ಆ ನಾಲ್ಕೂ ಇನ್ನೂ ಇವೆಯೋ, ಅವಕ್ಕೂ ಪೆನ್ಶನ್ ಶುರುವಾಯ್ತೋ?" ಎಂದ ನೆವಿಲ್.

"ಇವೆ."

"ಎರಡು ಕೊಡೋ. ಎಡಗಡೆ ಸತ್ತು ಕೂತಿದೆ. ಒಂದೇ ಕಡೆ ಕೇಳೋದು ಒಂದೇ ಚಪ್ಪಲಿ ಹಾಕ್ಕೊಂಡು ನಡೆದ ಹಾಗಿದೆ."

ಲಯೊನೆಲ್ ಪೇಸ್ಟಿಯನ್ನು ಮುರಿದ, ತಿನ್ನಲಿಲ್ಲ. "ಅವು ಕೊನೇ ಆಂಪ್‌ಗೆ ಇಟ್ಟಿರೋದು ಕಣೋ. ಅದಕ್ಕೆ ನಾಲ್ಕೂ ಬೇಕು. ಬೇರೆ ಕಡೆ ಹುಡುಕ್ತೀನಿ, ಸ್ವಲ್ಪ ತಡಿ."

"ತಡಿಯೋದು ಎಲ್ಲೀತನಕ? ಈ ಸಿಲಿಂಡರನ್ನ ಕೇಳು, ತಡಿಯುತ್ತಾ ಅಂತ." ನೆವಿಲ್ ನಕ್ಕ. ನಗು ಕೆಮ್ಮಾಗಿ, ಕೆಮ್ಮು ಇಳಿಯುವ ತನಕ ನಾವೆಲ್ಲ ನೆಲ ನೋಡಿದೆವು. "ಪುಕ್ಕಟೆ ಬೇಡ ಮಾರಾಯ. ಸಾಲ ಕೊಡು. ನಾನು ಹೋದ್ಮೇಲೆ ಬಿಚ್ಕೊಂಡು ಹೋಗು. ಬೆರಿಲ್ ಏನು ಅಡ್ಡ ಬರ್ತಾಳಾ?"

"ಒಂದ್ಸಲ ಬೆಸುಗೆ ಬಿಸಿ ತಾಗಿದ್ರೆ ಅದು ಹೊಸದಾಗಿ ಉಳಿಯಲ್ಲ, ನೆವ್. ನಿಂಗೂ ಗೊತ್ತು."

ನೆವಿಲ್ ಅವನನ್ನೇ ನೋಡುತ್ತಿದ್ದ. ಆಮೇಲೆ, "ಸರಿ ಬಿಡು. ನಿನ್ನನ್ನ ಶವದ ಪೆಟ್ಟಿಗೇಲಿ ಮಲಗಿಸುವಾಗ ಅವನ್ನ ಪಕ್ಕಕ್ಕೇ ಇಡಿಸ್ಕೋ, ಅಲ್ಲಿ ಯಾರೂ ಕೇಳಲ್ಲ," ಎಂದ.

ಬೀದಿಗೆ ಬಂದವಳೇ ನಾನು ಲಯೊನೆಲ್‌ಗೆ ಬಾಯಿಗೆ ಬಂದದ್ದು ಬೈದೆ. "ನಿಂಗೇನು ಮನುಷ್ಯತ್ವ ಇದೆಯೇನೋ? ಅಂಥಾ ಕೊನೇ ಆಂಪನ್ನ ಯಾವಾಗ ಕಟ್ತೀಯ? ಕಟ್ಟೋ ಮುಖಾನಾ ಇದು?"

"ಹುಡುಕ್ತೀನಿ ಅಂದ್ನಲ್ಲ ವಿಲ್ಮಾ," ಎಂದ, ಅಳುವವನ ಹಾಗೆ. ಹುಡುಕಿದ ಕೂಡ. ಪರ್ತ್‌ನವರನ್ನು ಕೇಳಿದ, ನ್ಯೂಜಿಲೆಂಡಿನವರನ್ನು ಕೇಳಿದ. ಎಲ್ಲರ ಹತ್ತಿರವೂ ಇದ್ದಿರಬೇಕು, ಎಲ್ಲರೂ ಇಲ್ಲ ಅಂದರು. ಅವರವರ ಡಬ್ಬಿಯಲ್ಲಿ ಅವರವರ ಹತ್ತಿ. ಬರಿಗೈಯಲ್ಲಿ ನೆವಿಲ್‌ನ ಮನೆಗೆ ಹೋಗಲು ಇವನಿಗೆ ಮುಖವಿಲ್ಲ. ಸಿಕ್ಕ ಮೇಲೆ ಹೋದರಾಯಿತು ಎಂದು ಹೋಗುವುದನ್ನೇ ಬಿಟ್ಟ. ನೆವಿಲ್‌ನ ಮಗಳು ತಂದುಕೊಟ್ಟ, ಫೋನಿನ ಹಾಡು ನುಡಿಸುವ ಒಂದು ಪ್ಲಾಸ್ಟಿಕ್ ಡಬ್ಬ, ಬ್ರೆಡ್ಡಿನಷ್ಟು ಉದ್ದದ್ದು, ಅದರಲ್ಲಿ ನೆವಿಲ್ ಕೊನೆಯ ತನಕ ಬ್ಯಾಂಡು ಕೇಳಿದ. ಕೇಳಿದ ಎನ್ನಲೂ ಆಗದು. ಬೆರಿಲ್ ಹಚ್ಚುತ್ತಿದ್ದಳು, ಅವನು ಆರಿಸು ಅನ್ನುತ್ತಿದ್ದ. ಚಳಿ ಮುಗಿಯುವ ಹೊತ್ತಿಗೆ ತೀರಿಕೊಂಡ. ಮಣ್ಣಿನ ದಿನ ಲಯೊನೆಲ್ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲೇ ಎದ್ದುಹೋದ.

ಪದ್ಧತಿಯಂತೆ ನಾವು ಶೆಡ್ಡಿಗೆ ಹೋದಾಗ ಬೆರಿಲ್ ಬಾಗಿಲಲ್ಲೇ ನಿಂತು ಹೇಳಿದಳು. "ಎಲ್ಲಾ ತಗೊಂಡು ಹೋಗಿ, ನಂಗೊಂದೂ ಬೇಡ. ಮನೆ ಬಿಟ್ಟು ತಂಗಿ ಹತ್ರ ಮೌಂಟ್ ಗ್ಯಾಂಬಿಯರ್‌ಗೆ ಹೋಗ್ತಿದೀನಿ. ಆದ್ರೆ ಅವನ ಆಂಪನ್ನ ಒಂದೇ ಒಂದ್ಸಲ ನಡೆಸಿ ಕೊಡಿ. ಭಾನುವಾರ ನಾನು ರೋಸ್ಟ್ ಮಾಡ್ತಿರುವಾಗ ಅವನು ಹಾಕ್ತಿದ್ನಲ್ಲ, ಹಾಗೇ ರೆಕಾರ್ಡಿನ ಒಂದು ಪಕ್ಕ ಪೂರ್ತಿ ಕೇಳ್ಬೇಕು. ಆ ಡಬ್ಬದಲ್ಲಿ ಬಂದದ್ದು ಅದಲ್ಲ."

ಲಯೊನೆಲ್, "ನಾನು ಮಾಡ್ತೀನಿ," ಎಂದ.

ಮರುದಿನ ನಾನು ಅವನ ಶೆಡ್ಡಿಗೆ ಹೋದಾಗ ಡಬ್ಬಿ ತೆರೆದಿತ್ತು. ಅವನು ನಾಲ್ಕನ್ನೂ ಮೀಟರಿಗೆ ಹಾಕಿ ಅಳೆಯುತ್ತಿದ್ದ. ಒಂದು ಭಾಗಕ್ಕೆ ಹಾಕುವ ಜೋಡಿಯ ಗುಣ ಒಂದಕ್ಕೊಂದು ಎಷ್ಟು ಹತ್ತಿರವಿದ್ದರೆ ದನಿ ಅಷ್ಟು ಶುದ್ಧ ಎಂಬುದು ನಮ್ಮ ನಂಬಿಕೆ, ಅದಕ್ಕಾಗಿ ದಿನವಿಡೀ ಅಳೆಯುವವರಿದ್ದಾರೆ. ನಾಲ್ಕರಲ್ಲಿ ಎರಡು ಒಂದಕ್ಕೊಂದು ಸ್ವಲ್ಪ ದೂರ. ಇನ್ನೆರಡು ಅವಳಿ ಮಕ್ಕಳಂತೆ, ಮೀಟರಿನ ಅಂಕಿ ಕದಲುವುದಿಲ್ಲ.

"ಇಂಥಾ ಜೋಡಿ ನಾನು ಜನ್ಮದಲ್ಲಿ ನೋಡಿಲ್ಲ," ಎಂದ. "ಇವೇ ನೆವಿಲ್‌ಗೆ. ಉಳಿದವು ನಂಗಿರಲಿ."

ಆ ಮಾತು ಕೇಳಿ ನನಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು. ಉತ್ತಮವಾದದ್ದನ್ನು ಗೆಳೆಯನಿಗೆ ಕೊಡುತ್ತಿದ್ದ, ತಡವಾಗಿಯಾದರೂ. ತನ್ನ ಆಂಪ್‌ಗೂ ಇಷ್ಟು ಜತನ ಮಾಡುತ್ತಿರಲಿಲ್ಲವೇನೋ. ಬೆಸುಗೆ ಹಾಕುವಾಗ ಉಸಿರು ಹಿಡಿದಿದ್ದ.

ಬೆರಿಲ್‌ಳ ಮುಂದಿನ ಕೋಣೆಯಲ್ಲಿ ಮಧ್ಯಾಹ್ನ ಎಲ್ಲ ಜೋಡಿಸಿದೆವು. ಮೂವರೇ ಇದ್ದೆವು, ಬೆರಿಲ್, ಲಯೊನೆಲ್, ನಾನು. ನೆವಿಲ್‌ನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಲಯೊನೆಲ್ ರೆಕಾರ್ಡು ಇಟ್ಟು ಸೂಜಿ ಇಳಿಸಿದ. ಮೊದಲು ಒಂದೇ ಕಾರ್ನೆಟ್ಟು, ಮೆಲ್ಲಗೆ. ಎಡಗಡೆಯಿಂದ ಬಂತು, ನಿಜಕ್ಕೂ ಎಡಗಡೆಯಲ್ಲಿ ಮನುಷ್ಯನೊಬ್ಬ ನಿಂತು ಊದುತ್ತಿರುವ ಹಾಗೆ. ಬೆರಿಲ್ ಅಡುಗೆಮನೆಯ ಬಾಗಿಲಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ಅವಳು ಭಾನುವಾರ ಕೇಳುತ್ತಿದ್ದದ್ದು ಅಲ್ಲಿಂದಲೇ. ಅವಳ ಭುಜ ಅಲುಗುತ್ತಿತ್ತು. ಲಯೊನೆಲ್ ನನ್ನ ಕಡೆ ತಿರುಗಿ ಏನೋ ಹೇಳಹೊರಟ.

ಅಷ್ಟರಲ್ಲಿ ಇಡೀ ಬ್ಯಾಂಡು ಒಟ್ಟಿಗೆ ಎದ್ದಿತು. ಚಟ್ ಎಂದು ಒಂದು ಸದ್ದು, ಆಮೇಲೆ ಎಡ ಸ್ಪೀಕರಿನ ಹೊಟ್ಟೆಯಿಂದ ಗುರ್ ಎಂದು ಗೊರಕೆ. ನಾನು ಪ್ಲಗ್ಗು ಕೀಳುವ ಹೊತ್ತಿಗೆ ಹೊಗೆ ಬರುತ್ತಿತ್ತು. ಸ್ಪೀಕರಿಗೆ ಕಾವಲಾಗಿ ಒಂದು ರಿಲೇ ಹಾಕೋ ಎಂದು ನೆವಿಲ್‌ಗೆ ನಾವೆಲ್ಲ ಹೇಳಿದ್ದೆವು. ಅದು ದನಿ ಕೆಡಿಸುತ್ತೆ ಎಂದು ಆ ಪುಣ್ಯಾತ್ಮ ಹಾಕಿರಲಿಲ್ಲ. ಅವನು ಕೈಯಾರೆ ಮಾಡಿದ ಸ್ಪೀಕರು ಸುಟ್ಟುಹೋಯಿತು. ಅದರೊಳಗಿನ ಸುರುಳಿ ಈಗ ಈ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ.

"ಆಯ್ತಾ?" ಎಂದಳು ಬೆರಿಲ್, ತಿರುಗದೆಯೇ.

ಲಯೊನೆಲ್ ಆಂಪನ್ನು ಎತ್ತಿಕೊಂಡು ನೆವಿಲ್‌ನ ಶೆಡ್ಡಿಗೆ ನಡೆದ. ಸುಟ್ಟ ಎರಡನ್ನೂ ಬಿಚ್ಚಿ, ಒಂದನ್ನು ಮೇಜಿನ ವೈಸ್‌ನ ದವಡೆಗೆ ಸಿಕ್ಕಿಸಿ, ಹ್ಯಾಕ್ಸಾ ಗರಗಸದಿಂದ ಅದರ ಟೋಪಿ ಕೊಯ್ದ. ಅಸಲಿಯೋ ನಕಲಿಯೋ ಎಂದು ಅನುಮಾನ ಬಂದರೆ ನಮ್ಮವರು ಮಾಡುವುದು ಇದನ್ನೇ. ಟೋಪಿ ಹಾರಿದರೆ ಮತ್ತೆ ಅದು ಕೆಲಸಕ್ಕೆ ಬಾರದು, ಆದರೆ ಸತ್ಯ ತಿಳಿಯುತ್ತದೆ. ಅಸಲಿಯಾದರೆ ಒಳಗೆ ಕಿರುಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಹರಳು ಕೂತಿರಬೇಕು. ಇದರಲ್ಲಿ ಇದ್ದದ್ದು ಎಳ್ಳುಕಾಳಿನಷ್ಟು. ಎರಡನೆಯದರಲ್ಲೂ ಅಷ್ಟೇ. ಮೀಟರಿನ ಸಣ್ಣ ಕರೆಂಟಿಗೆ ಸಾಧುವಾಗಿದ್ದು, ಜೋರು ಬಿದ್ದ ಕೂಡಲೇ ಪ್ರಾಣ ಬಿಟ್ಟಿದ್ದವು. ಒಂದೇ ಅಚ್ಚಿನ ಅಗ್ಗದ ಮಾಲು, ಅದಕ್ಕೇ ಅವಳಿಗಳಾಗಿದ್ದವು.

"ಡೂಪ್ಲಿಕೇಟು," ಎಂದೆ. "ಎಲ್ಲಿ ತಗೊಂಡಿದ್ದೆ?"

"ಎರಡು ನಮ್ಮ ಬಿಡಿಭಾಗದ ಅಂಗಡೀಲಿ, ಅದು ಮುಚ್ಚೋ ದಿನ. ಎರಡು ಪೋಸ್ಟ್‌ನಲ್ಲಿ ತರಿಸಿದ್ದು, ಇಂಟರ್ನೆಟ್ಟಲ್ಲಿ ನೋಡಿ, ನಾಲ್ಕಾಗ್ಲಿ ಅಂತ. ಯಾವ್ದು ಯಾವ್ದು ಅಂತ ನೆನಪಿಲ್ಲ. ಎಲ್ಲಾ ಒಂದೇ ಡಬ್ಬಿಗೆ ಹಾಕ್ದೆ."

ಬೆರಿಲ್ ಶೆಡ್ಡಿನ ಬಾಗಿಲಿಗೆ ಬಂದಿದ್ದಳು. ನಾನು ಎಳ್ಳುಕಾಳನ್ನು ತೋರಿಸಿ ವಿಷಯ ಹೇಳಿದೆ. ಅವಳು ಬಗ್ಗಿ ನೋಡಿದಳು. ಆ ಹೆಂಗಸು ಎಂಥವಳೆಂದರೆ, ಆ ಗಳಿಗೆಯಲ್ಲೂ ಅವನನ್ನೇ ಸಮಾಧಾನ ಮಾಡಲು ಹೊರಟಳು.

"ಹಾಗಾದ್ರೆ ಬಿಡು ಲಯೊನೆಲ್. ನೀನು ಅವತ್ತು ಕೊಟ್ಟಿದ್ರೂ ಹಿಂಗೇ ಆಗ್ತಿತ್ತು. ಇಬ್ರೂ ಕೂತ್ಕೊಂಡು ಬೈಕೊಂಡು ನಗ್ತಿದ್ರಿ, ಅಷ್ಟೇ. ನಿನ್ನ ಹತ್ರ ಕೊಡೋಕೆ ಏನೂ ಇರ್ಲೇ ಇಲ್ಲ."

"ಅವತ್ತು ನಂಗೆ ಅದು ಗೊತ್ತಿರ್ಲಿಲ್ಲ, ಬೆರಿಲ್. ಒರಿಜಿನಲ್ ಅಂತ ತಿಳ್ಕೊಂಡೇ ಅವನಿಗೆ ಕೊಡಲ್ಲ ಅಂದೆ."

ಅವಳು, "ಟೀ ಮಾಡ್ತೀನಿ," ಎಂದು ಒಳಗೆ ಹೋದಳು.

ಲಯೊನೆಲ್ ಜೇಬಿನಿಂದ ಉಳಿದೆರಡನ್ನು ತೆಗೆದ. ಅವುಗಳಲ್ಲಿ ಒಂದನ್ನು ವೈಸ್‌ಗೆ ಸಿಕ್ಕಿಸುತ್ತಿರುವಾಗ ನಾನು ಅವನ ಕೈ ಹಿಡಿದೆ. "ತಲೆ ಕೆಟ್ಟಿದೆಯೇನೋ? ಒರಿಜಿನಲ್ ಇದ್ರೆ? ಮನೆಗೆ ತಗೊಂಡು ಹೋಗಿ ಜೋರು ಕರೆಂಟಿನ ಲೋಡ್ ಕೊಟ್ಟು ನೋಡೋಣ. ಕೊಯ್ದ್ರೆ ಹೋಯ್ತು."

"ಇದೂ ಡೂಪ್ಲಿಕೇಟೇ. ಆಗಿರ್ಲೇಬೇಕು. ಬೆರಿಲ್ ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ? ಕೊಡೋಕೆ ಏನೂ ಇರ್ಲಿಲ್ಲ."

ನನ್ನ ಕೈ ಕೊಡವಿ ಕೊಯ್ಯತೊಡಗಿದ. ತನ್ನ ಮಾಲು ನಕಲಿಯಾಗಿರಲಿ ದೇವರೇ ಎಂದು ಬೇಡಿಕೊಂಡವನು ನಮ್ಮ ಕ್ಲಬ್ಬಿನಲ್ಲಿ ಅವನೊಬ್ಬನೇ. ನಾನೂ ಅದನ್ನೇ ಬೇಡಿಕೊಂಡೆ. ಇದರ ಟೋಪಿ ಗಟ್ಟಿ, ಬ್ಲೇಡು ಬೇಗ ಇಳಿಯಲಿಲ್ಲ. ಕೊನೆಗೆ ಟೋಪಿ ಕಳಚಿ ಬಿತ್ತು.

ಒಳಗೆ ದಪ್ಪ ತಾಮ್ರದ ಪೀಠದ ಮೇಲೆ ಕಿರುಬೆರಳಿನ ಉಗುರಿನಷ್ಟು ಅಗಲದ ಹರಳು ಹೊಳೆಯುತ್ತಿತ್ತು.

ಲಯೊನೆಲ್ ಉಳಿದೊಂದನ್ನು ಅಂಗೈಯಲ್ಲಿಟ್ಟುಕೊಂಡು ನಿಂತ. ಒಂದರಿಂದ ಯಾವ ಆಂಪೂ ನಡೆಯುವುದಿಲ್ಲ. ಬಾಗಿಲಲ್ಲಿ ಬೆರಿಲ್ ಅವನಿಗೆಂದು ಟೀ ಹಿಡಿದು ನಿಂತಿದ್ದಳು.

"ಅವೂ ಡೂಪ್ಲಿಕೇಟೇ ತಾನೇ?" ಎಂದಳು, ಹೌದು ಅನ್ನಪ್ಪಾ ಎನ್ನುವ ದನಿಯಲ್ಲಿ.

"ಅಲ್ಲ ಬೆರಿಲ್. ಇವೆರಡು ಒರಿಜಿನಲ್ಲು. ನೆವಿಲ್ ಕೇಳಿದ್ದು ಎರಡೇ."

ಬೆರಿಲ್ ಅವನನ್ನು ನೋಡಿದಳು. ಆಮೇಲೆ ಆ ಟೀ ಕಪ್ಪನ್ನು ಕೊಡದೆ, ಹಾಗೇ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.