ಆಂಟಿ ಒಲ್ಲೆ ಎಂದ ಜ್ವರ

ಮೊನ್ನೆ ಗುಬ್ಬಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸಿನ ತಲೆಯಿಂದ ಹರಳೆಣ್ಣೆಯ ವಾಸನೆ ಬಂತು. ಮೂಗು ಮುರಿಯುವವರೇ ಹೆಚ್ಚು, ನನಗೆ ಮಾತ್ರ ಕಣ್ಣು ತುಂಬಿತು. ಕುಣಿಗಲ್ಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಹಚ್ಚುತ್ತಿದ್ದುದು ಅದೇ ಎಣ್ಣೆ...

ಜನ ಮೊಬೈಲ್ ಆ್ಯಪ್‌ಗಳನ್ನು ಹೇಗೆ ಬಳಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವುದು ನನ್ನ ಕೆಲಸ. "ಫೋನ್ ಒತ್ತೋದು ನೋಡಕ್ಕೂ ಸಂಬ್ಳ ಕೊಡ್ತಾರಾ?" ಎಂದು ಆಂಟಿ ನಗುತ್ತಿದ್ದರು. ಅದಕ್ಕೂ ಒಂದು ಪದ್ಧತಿಯಿದೆ. ಬಳಸುವವರಿಗೆ ಒಂದು ಕೆಲಸ ಕೊಡಬೇಕು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಬೇಕು. ನಾವು ಮಾತ್ರ ತುಟಿ ಪಿಟಕ್ಕೆನ್ನಬಾರದು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಪಡೆಯುವ ಆ್ಯಪ್ ಒಂದು ಬಂದಾಗ ಆಂಟಿಯನ್ನೇ ಕೂರಿಸಿದೆ.

"ಆಂಟಿ, ನಿಮಗೆ ಜ್ವರ ಬಂದಿದೆ ಅಂದ್ಕೊಳ್ಳಿ. ಡಾಕ್ಟರ್ ಹತ್ರ ಟೈಮ್ ತಗೊಳ್ಳಿ."

"ಬುಡ್ತು ಅನ್ನಮ್ಮ! ಇಲ್ದಿರೋ ಜ್ವರ ಯಾಕೆ ಬರ್ಸ್ಕೋಬೇಕು? ಅಸ್ತು ದೇವತೆಗಳು ಅಸ್ತು ಅಂದ್ಬುಡ್ತಾರೆ. ಇರೋದನ್ನೇ ಒತ್ತೀನಿ ಇರು."

ನಾನು ಬಿಡ್ತು ಅಂದೆ. ಆಂಟಿ ನಾನು ಹೇಳಿಕೊಟ್ಟ ಹಾಗೇ ಗಟ್ಟಿಯಾಗಿ ಯೋಚಿಸತೊಡಗಿದರು.

"ಕಣ್ಣು... ಅಲ್ಲ. ಮೂಳೆ... ಅದೂ ಅಲ್ಲ. ಎದೆ ಅಂತ ಐತೆ, ಹಾರ್ಟ್ ಚಿತ್ರ ಹಾಕವ್ರೆ. ನಂದು ಹಾರ್ಟಲ್ಲ. ಗಂಟು ಅಂತ ಎಲ್ಲಿ ಹಾಕವ್ರೋ..."

ಫೋನಿನಿಂದ ಬೆರಳು ತೆಗೆದರು. ಸೆರಗನ್ನು ಎದೆ ತುಂಬ ಎಳೆದುಕೊಂಡರು.

ಪದ್ಧತಿ ಹಾಳಾಗಿ ಹೋಗಲಿ ಎಂದು ಫೋನ್ ತೆಗೆದಿಟ್ಟೆ. "ಯಾವಾಗಿಂದ ಆಂಟಿ?"

"ಉಗಾದಿಯಿಂದ ಕಣಮ್ಮ. ಇಂಥದ್ದನ್ನ ಯಾರತ್ರ ಹೇಳ್ಲಿ?"

ಆಗಲೇ ದೀಪಾವಳಿ ಹತ್ತಿರ ಬಂದಿತ್ತು. ಮನೆಯಲ್ಲಿ ಗಂಡನಿದ್ದರು, ಬೆಳೆದ ಗಂಡುಮಕ್ಕಳಿದ್ದರು. ಯಾರೊಬ್ಬರಿಗೂ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ನಾವಿಬ್ಬರೇ ತುಮಕೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಂಟಿ ನನ್ನ ಕೈ ಬಿಡಲಿಲ್ಲ.

ಆಪರೇಷನ್ ಆಯಿತು. ಕೀಮೋಗೆ ಉದುರಿದ ಕೂದಲು ಮತ್ತೆ ಬಂತು. ಕೆಲವು ವರ್ಷ ಚೆನ್ನಾಗಿಯೇ ಇದ್ದರು, ಗಂಡನನ್ನು ಮೊದಲಿಗಿಂತ ಜೋರಾಗಿ ಗದರುತ್ತಾ. ಆಮೇಲೆ ಕಾಯಿಲೆ ತಿರುಗಿ ಬಂತು...

ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿ ಅಂಗೈಯಗಲ ಆಗಿದ್ದರು. "ಹೇಗಿದ್ದೀರಿ ಆಂಟಿ?" ಅಂದೆ. "ಚೆನ್ನಾಗಿದೀನಿ ಕಣಮ್ಮ, ನೀನು ಊಟ ಮಾಡ್ಕೊಂಡು ಹೋಗು" ಅಂದರು. ನಾನು ಊಟ ಮಾಡಿ ಬಂದೆ.

ಅವರು ಹೋಗಿ ವರ್ಷ ತುಂಬಿತು. ನಾನಿನ್ನೂ ಅದೇ ಕೆಲಸದಲ್ಲಿದ್ದೇನೆ. ಎದುರಿಗೆ ಕೂತ ಅಪರಿಚಿತರಿಗೆಲ್ಲ ಮನಸ್ಸಿಗೆ ಬಂದದ್ದನ್ನು ಹೇಳಿ ಅನ್ನುತ್ತೇನೆ. ಆ ಕೊನೆಯ ಸಲ ಆಂಟಿಗೆ ಹಾಗೆನ್ನಲು ನನಗೆ ಧೈರ್ಯ ಬರಲಿಲ್ಲ.