ಹಿಂದಿನ ಗಾಜಿನ ವೈಪರ್

ಒಂದು ಮಳೆಗಾಲದ ಬೆಳಿಗ್ಗೆ ನನ್ನ ಹೆಂಡತಿ ವಿಕ್ರೋಳಿಯ ನಮ್ಮ ಬಿಲ್ಡಿಂಗ್‌ನಿಂದ ತನ್ನ ಅಣ್ಣನ ಕಾರಿನಲ್ಲಿ ಬೆಳಗಾವಿಗೆ ಹೊರಟುಹೋದಳು. ನಾನು ಗೇಟಿನ ಹತ್ತಿರ ನೆನೆಯುತ್ತ ನಿಂತಿದ್ದೆ. ಕಾರು ರಸ್ತೆಗೆ ತಿರುಗುವಾಗ ಹಿಂದಿನ ಗಾಜಿನ ಮೇಲೆ ವೈಪರ್ ಒಮ್ಮೆ ಆಡಿತು. ಬೀಸಣಿಗೆಯಷ್ಟು ಜಾಗ ತಿಳಿಯಾಯಿತು. ಅದರೊಳಗೆ ಅವಳ ಮುಖ. ಅವಳು ತಿರುಗಿ ನನ್ನನ್ನು ನೋಡಿದಳು.

ನೆನಪು ಬಹಳ ಅಂದವಾಗಿ ಕೂತಿದೆ. ಅದಕ್ಕೇ ಅನುಮಾನಿಸಬೇಕಿತ್ತು. ಬೇರೆ ನೆನಪುಗಳನ್ನೆಲ್ಲ ಬಿಚ್ಚಿ ಹರಡಿ ನೋಡುವ ಚಟ ನನಗಿದೆ, ಇದೊಂದನ್ನು ಮುಟ್ಟಿರಲಿಲ್ಲ. ನಾವು ಜಗಳವಾಡಿ ಬೇರೆಯಾದವರಲ್ಲ. ಮಾತು ಕಡಿಮೆಯಾಗುತ್ತ ಬಂದು, ಒಂದು ದಿನ ಅವಳು ಬಟ್ಟೆ ಮಡಚತೊಡಗಿದಳು, ಅಷ್ಟೆ. ಆದರೆ ತಿರುಗಿ ನೋಡಿದ್ದಾಳೆಂದರೆ ಹೋಗಲು ಪೂರ್ತಿ ಮನಸ್ಸಿರಲಿಲ್ಲ ಎಂದಾಯಿತು. ಆ ಒಂದು ನೋಟವನ್ನು ನೆಚ್ಚಿಕೊಂಡು ನಾನು ಇಷ್ಟು ವರ್ಷ ಒಬ್ಬನಿಗೇ ಚಹಾ ಮಾಡಿಕೊಂಡಿದ್ದೇನೆ.

ಈ ವರ್ಷದ ಮಳೆಗೆ ಲೋಕಲ್ ರೈಲು ನಿಂತಿದ್ದ ದಿನ ದಾದರ್‌ಗೆ ಟ್ಯಾಕ್ಸಿ ಹಿಡಿದೆ. ಡ್ರೈವರ್ ವಿಜಯಪುರದ ಕಡೆಯವನು. ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಹಿಂದಿ ಬಿಟ್ಟಿದ್ದ. ಅವನದು ಹಿಂದೆ ಡಿಕ್ಕಿ ಚಾಚಿರದ, ಬೆನ್ನು ನೆಟ್ಟಗಿರುವ ಚಿಕ್ಕ ಕಾರು. ಹೈವೇಯಲ್ಲಿ ಹಿಂದಿನ ವೈಪರ್ ಆಡುತ್ತಿತ್ತು. ನಾನು ತಿರುಗಿ ಅದನ್ನೇ ನೋಡುತ್ತಿದ್ದೆ.

"ಹಿಂದ ನೋಡೂದು ನನ್ನ ಕೆಲಸರಿ ಸರ. ನೀವ್ಯಾಕ ಕುತ್ತಿಗಿ ತಿರುವಿ ಕುಂತೀರಿ? ಯಾರರ ಬೆನ್ನ ಹತ್ಯಾರೇನು?"

ಏನಾದರೂ ಹೇಳಬೇಕೆಂದು, ಪಕ್ಕದಲ್ಲಿದ್ದ ಉದ್ದನೆಯ ಕಾರಿಗೆ ಹಿಂದೆ ವೈಪರ್ ಯಾಕಿಲ್ಲ ಎಂದು ಕೇಳಿದೆ. ಮಾತಿಗೆ ಸಿಕ್ಕಿದ್ದಕ್ಕೆ ಅವನಿಗೆ ಖುಷಿಯಾಯಿತು. ಬೆನ್ನು ನೆಟ್ಟಗಿರುವ ಕಾರು ಓಡುವಾಗ ಹಿಂದೆ ಗಾಳಿ ಸುಳಿಯಾಗಿ ತಿರುಗುತ್ತದಂತೆ. ಚಕ್ರ ಎರಚಿದ ಕೆಸರುನೀರನ್ನು ಎತ್ತಿ ತಂದು ಗಾಜಿಗೆ ಬಳಿಯುತ್ತದಂತೆ. ಹಿಂದೆ ಡಿಕ್ಕಿ ಚಾಚಿಕೊಂಡಿರುವ ಕಾರಿನಲ್ಲಿ ಗಾಜು ಇಳಿಜಾರು. ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತ ನೀರನ್ನೂ ಒಯ್ಯುತ್ತದೆ, ಕೆಸರು ಅಷ್ಟು ಮೇಲೆ ಬರುವುದಿಲ್ಲ. ಅಗ್ಗದ ಮಾಡೆಲ್ಲಾದರೆ ಚಿಕ್ಕ ಕಾರಿಗೂ ಕೊಡುವುದಿಲ್ಲ, ವೈಪರ್ ಇರಬೇಕಾದ ತೂತಿಗೆ ರಬ್ಬರಿನ ಬಿರಡೆ ಹಾಕಿಬಿಡುತ್ತಾರೆ ಎಂದ. ಅವನ ಅತ್ತಿಗೆಯ ತಮ್ಮ ಹಾಗೆ ಮೋಸಹೋಗಿದ್ದನಂತೆ. ಆ ಕಥೆ ಸಾಯನ್‌ವರೆಗೆ ಬಂತು.

"ಡಿಕ್ಕಿ ಗಾಡಿಗೆ ಹಿಂದ ವೈಪರ್ ಇರೂದ ಇಲ್ಲ ಬಿಡ್ರಿ," ಎಂದು ಮುಗಿಸಿದ.

ಆ ದಿನ ಅವಳ ಹೊಲಿಗೆ ಮಷೀನನ್ನು ಅವಳ ಅಣ್ಣನ ಕಾರಿನ ಚಾಚಿದ ಡಿಕ್ಕಿಯಲ್ಲಿಟ್ಟವನು ನಾನೇ. ಮುಚ್ಚಳ ಬೀಳದೆ ಎರಡೂ ಅಂಗೈಯಿಂದ ಒತ್ತಿದ್ದೆ. ತಗಡಿನ ತಂಪು ಈಗಲೂ ಅಂಗೈಯಲ್ಲಿದೆ.

ದಾದರ್‌ನಲ್ಲಿ ಏನು ಕೆಲಸವಿತ್ತೋ ಅದನ್ನು ಮುಗಿಸಿಕೊಂಡು ಬಂದು ಸಂಜೆ ಅವಳಿಗೆ ಫೋನ್ ಮಾಡಿದೆ. ಈಗ ಅವಳು ಅಣ್ಣನ ಮನೆಯ ಮಾಳಿಗೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ನಮ್ಮ ಫೋನು ಹಬ್ಬಗಳಿಗೆ ಮಾತ್ರ. ಅದಕ್ಕೇ ಅವಳು ಮೊದಲು ನನ್ನ ಆರೋಗ್ಯ ಕೇಳಿದಳು. ನಾನು ಅಣ್ಣನ ಆ ಕಾರಿಗೆ ಹಿಂದೆ ವೈಪರ್ ಇತ್ತೇ ಎಂದು ಕೇಳಿದೆ.

"ಇದನ್ನ ಕೇಳಾಕ ಫೋನ್ ಮಾಡೀರಿ? ಆ ಗಾಡಿಗೆ ಮುಂದಿನ ವೈಪರ್ರ ನೆಟ್ಟಗ ಆಡ್ತಿದ್ದಿಲ್ಲ. ಘಾಟಿನ್ಯಾಗ ಅಣ್ಣ ಟಾವೆಲ್ಲಿಲೆ ಒರಸಕೋತ ಹೊಡದಾನ." ನಕ್ಕಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು.

"ನೀ ಹೊಳ್ಳಿ ನೋಡಿದ್ದಿ ಅಲ್ಲ, ಗೇಟಿನ ಹತ್ರ?"

ಮಷೀನು ನಿಲ್ಲಿಸಲು ಅವಳು ಹುಡುಗಿಯರಿಗೆ ಹೇಳಿದಳು.

"ಹೊಳ್ಳಿ ಏನ ನೋಡ್ಲಿ? ಹಿಂದ ತುಂಬ ಗಂಟು ಇದ್ವು. ನಾ ಮುಂದ ಕುಂತಿದ್ದೆ. ಬಾಜೂ ಕನ್ನಡಿಯೊಳಗ ನೋಡಿದೆ. ನೀವು ಛತ್ರಿ ಹಿಡಕೊಂಡು ಒಳಗ ಹೊಂಟಿದ್ರಿ. ಒಂದ ಸಲಾನೂ ತಿರುಗಲಿಲ್ಲ."

ಹಾಗಾದರೆ ನೋಡಿದ್ದಳು. ಆದರೆ ನನ್ನನ್ನಲ್ಲ. ಮನೆಯಲ್ಲಿದ್ದ ಒಂದೇ ಛತ್ರಿಯನ್ನು ನಾನು ಅವಳ ಕೈಗೆ ಕೊಟ್ಟಿದ್ದೆ. ಬಿಲ್ಡಿಂಗಿನ ಬೇರೆ ಯಾರೋ ಹಾಲು ತಂದು ಒಳಗೆ ಹೋಗುತ್ತಿದ್ದಿರಬೇಕು. ಅವನ ಬೆನ್ನನ್ನು ನನ್ನದೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ. ಹೀಗೆಂದು ನನ್ನ ನೆನಪು ಹೇಳುತ್ತದೆ. ಇಲ್ಲದ ವೈಪರನ್ನು ಆಡಿಸಿದ್ದೂ ಅದೇ ನೆನಪು.

ಛತ್ರಿ ನಿನ್ನ ಹತ್ತಿರ ಇತ್ತಲ್ಲ ಎಂದೆ. ಇಲ್ಲವೆಂದಳು. ಮತ್ತೆ, "ತಡೀರಿ, ನೋಡ್ತೀನಿ," ಎಂದು ಫೋನ್ ಕೆಳಗಿಟ್ಟಳು.

ಒಬ್ಬ ಹುಡುಗಿ ಕತ್ತರಿ ಕೇಳಿದಳು. ಕುಕ್ಕರ್ ಕೂಗಿತು. ಏನನ್ನೋ ಸರಿಸಿದ ಸದ್ದು. ನಾನು ನೋಡಿಯೇ ಇಲ್ಲದ ಆ ಮನೆಯನ್ನು ಕಿವಿಗೆ ಒತ್ತಿಹಿಡಿದುಕೊಂಡು ನಿಂತಿದ್ದೆ.

"ಅಟ್ಟದ ಮ್ಯಾಗ ಒಂದ ಛತ್ರಿ ಐತಿ," ಎಂದಳು ಬಂದು. "ಕರೀದು. ಯಾರದೋ ಏನೋ."

ಹಿಡಿಕೆ ಎಂಥದ್ದೆಂದು ಕೇಳಿದ್ದರೆ ನಮ್ಮದೋ ಅಲ್ಲವೋ ತಿಳಿಯುತ್ತಿತ್ತು, ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅಲ್ಲಿ ಮಳೆ ಇದೆಯೇ ಎಂದು ಕೇಳಿದೆ.

"ಹೂಂ," ಎಂದಳು. "ಬೆಳಿಗ್ಗಿಂದ ಐತಿ."