ಸಣ್ಣಮ್ಮನ ಹಾಲು ಮತ್ತು ದೊರೆಗಳ ಡಬ್ಬಿ

ಸೃಷ್ಟಿಕರ್ತನು ಸ್ತ್ರೀಗೆ ಸ್ತನವನ್ನು ಯಾವ ಘನ ಉದ್ದೇಶಕ್ಕಾಗಿ ಕೊಟ್ಟನೆಂದು ಕವಿಗಳೂ ಪಂಡಿತರೂ ಶತಮಾನಗಳಿಂದ ಚಿಂತಿಸಿದ್ದಾರೆ. ಹುಟ್ಟಿದ ಕೂಸಿಗೆ ಇದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕಾಫಿ ತೋಟದ ಮ್ಯಾನೇಜರೊಬ್ಬರಿಗೆ ತಿಳಿಸಲು ನಾನು ಬೇಕಾಯಿತು.

೧೯೫೪. ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ನಾನು ಸಿದ್ದಾಪುರದ ಕಡೆ ಸರ್ಕಾರಿ ಡಾಕ್ಟರು. ಪಿಕಿಂಗ್, ಅಂದರೆ ಹಣ್ಣು ಕೊಯ್ಯುವ ಕೆಲಸ, ಜೋರಾಗಿದ್ದಾಗ ಸಣ್ಣಮ್ಮ ಎಂಬ ಬಾಣಂತಿ ಜ್ವರದಿಂದ ನಡುಗುತ್ತ ಬಂದಳು. ಎಡ ಮೊಲೆ ಕಲ್ಲಾಗಿ, ಕೀವು ತುಂಬಿತ್ತು. ಕಂಕುಳಲ್ಲಿದ್ದ ಎರಡು ತಿಂಗಳ ಹೆಣ್ಣುಕೂಸು ಭೇದಿಯಿಂದ ಬತ್ತಿಹೋಗಿತ್ತು.

"ಹಾಲು ಕುಡಿಸಲಿಲ್ಲವೇನಮ್ಮ?"

"ಸಂಜೆ ಹಣ್ಣು ತೂಕ ಹಾಕೋವರ್ಗೂ ಲೈನಿಗೆ ಹೋಗಂಗಿಲ್ಲ ಸ್ವಾಮಿ. ಒತ್ತಿ ಒತ್ತಿ ಗಿಡದ ಬುಡಕ್ಕೆ ಸುರಿದೆ. ಬಟ್ಟೆ ಬಿಗಿದು ಕಟ್ಕೊ, ತಾನೇ ಬತ್ತುತ್ತೆ ಅಂದ್ರು ಲೆಕ್ಕ ಬರಿಯೋ ರೈಟ್ರು."

ಮೊಲೆಹಾಲಿನ ಬದಲು ತೋಟದಿಂದ ಪುಕ್ಕಟೆ ಹಾಲುಪುಡಿ ಡಬ್ಬಿ ಕೊಡುತ್ತಿದ್ದರು. ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ, ಕೂಸು ನೋಡುತ್ತಿದ್ದ ಮುದುಕಿ ಅದನ್ನು ತೋಡಿನ ಹಸಿ ನೀರಿನಲ್ಲಿ ಕದಡಿ ಕುಡಿಸುತ್ತಿದ್ದಳು. ನಾನು ಕೀವು ತೆಗೆದು, ಪೆನಿಸಿಲಿನ್ ಕೊಟ್ಟು, ಬಲಗಡೆ ಕುಡಿಸಲು ಹೇಳಿದೆ. ಆಮೇಲೆ ಕೈ ತೊಳೆದು ನೇರ ಬಂಗಲೆಗೆ ಹೋದೆ. ಸಿಟ್ಟು ಮಾತ್ರ ತೊಳೆದುಹೋಗಿರಲಿಲ್ಲ.

ಮ್ಯಾನೇಜರು, ಕೂಲಿಗಳ ಬಾಯಲ್ಲಿ ದೊರೆಗಳು, ಸಭ್ಯರು. ಕಾಫಿ ತರಿಸಿದರು. ಡಬ್ಬಿಯ ಬಗ್ಗೆ ಅವರಿಗೆ ನಿಜವಾದ ಹೆಮ್ಮೆಯಿತ್ತು.

"ಸೀಮೆಯಿಂದ ಬಂದ ಪುಡಿ ಡಾಕ್ಟ್ರೇ. ಇವರ ಹಾಲಿಗಿಂತ ಸತ್ವ ಜಾಸ್ತಿ."

"ನೀರು ಕಾಯಿಸೋದು ಯಾರು?"

"ಅದು ಅವರ ಮನೆ ವಿಷಯ. ಹಾಲು ಕುಡಿಸೋಕೆ ಅಂತ ಒಬ್ಬಳನ್ನ ಬಿಟ್ಟರೆ ಹತ್ತು ಜನ ಏಳ್ತಾರೆ. ಹಣ್ಣು ಗಿಡದಲ್ಲೇ ಒಣಗುತ್ತೆ."

ಅಂಗಳದಲ್ಲಿ ಕಟ್ಟಿದ್ದ ಅವರ ಪ್ರೀತಿಯ ಸೀಮೆ ಹಸುವಿನತ್ತ ಕೈ ತೋರಿಸಿದೆ.

"ಅದನ್ನ ಇವತ್ತು ಸಂಜೆವರೆಗೂ ಕರೀಬೇಡಿ. ಕೆಚ್ಚಲಿಗೆ ಬಟ್ಟೆ ಬಿಗಿದು ಕಟ್ಟಿ."

"ಛೆ! ಕೆಚ್ಚಲು ಬಾವು ಬಂದು ಸತ್ತೇಹೋಗುತ್ತೆ!"

"ಹಾಗಾದ್ರೆ ಕೆಚ್ಚಲು ಯಾತಕ್ಕಿದೆ ಅಂತ ನಿಮಗೆ ಗೊತ್ತಿದೆ. ಗೊತ್ತಿದ್ದೂ ಮಾಡಿದಿರಿ."

ಅವರ ಮುಖ ಕೆಂಪಾಯಿತು. "ಹೆಂಗಸರನ್ನ ಹಸುಗೆ ಹೋಲಿಸ್ತೀರಾ?"

"ಇಲ್ಲ. ಹಸುವಿಗಿರೋ ಮರ್ಯಾದೆಯನ್ನ ಅವರಿಗೂ ಕೊಡಿ ಅಂತಿದ್ದೀನಿ."

ಹೆರಿಗೆಯಾದವರು ಮತ್ತೆ ಕೆಲಸಕ್ಕೆ ಬರಲು ನನ್ನ ಸಹಿಯ ಚೀಟಿ ಬೇಕಿತ್ತು. ಹಗಲು ಎರಡು ಸಲ ಹಾಲು ಕುಡಿಸಲು ಬಿಡದಿದ್ದರೆ ಈ ತೋಟದ ಒಬ್ಬ ಬಾಣಂತಿಗೂ ಚೀಟಿ ಕೊಡುವುದಿಲ್ಲವೆಂದು ಹೇಳಿ, ಕಾಫಿ ಮುಟ್ಟದೆ ಎದ್ದುಬಂದೆ. ಕೊಡಗಿನಲ್ಲಿ ಇದು ಸಣ್ಣ ಅವಮಾನವಲ್ಲ.

ಕೆಚ್ಚಲಿನ ಉಪಯೋಗಕ್ಕೆ ಯಾರೂ ವೈದ್ಯರ ಸಾಕ್ಷಿ ಕೇಳುವುದಿಲ್ಲ, ತಾಯಿಯ ಮೊಲೆಗೆ ಕೇಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದು. ಜ್ಞಾನದ ಕೊರತೆಯೆಂದು ಅದನ್ನು ನಾನು ಎಂದೂ ಕ್ಷಮಿಸಲಿಲ್ಲ.

ಅದೇ ವಾರ ನಿಯಮ ತೆಗೆದರು. ಕೂಸು ಬದುಕಿತು. ಸಣ್ಣಮ್ಮನ ಎಡ ಮೊಲೆಯಲ್ಲಿ ಮತ್ತೆ ಹಾಲು ಬರಲಿಲ್ಲ.